ಲ್ಯಾಪ್‌ಟಾಪ್ ಮೇಲೆ ಚಹಾ ಚೆಲ್ಲಿದರೆ: ಮೊದಲು ಕರೆಂಟು, ಆಮೇಲೆ ಬಿಲ್ಲು, ಕೊನೆಗೆ ರಿಪೇರಿ

ಲ್ಯಾಪ್‌ಟಾಪ್ ಮೇಲೆ ಚಹಾ ಚೆಲ್ಲಿದ ಕೂಡಲೇ ಎಲ್ಲರೂ ಒರೆಸುವ ಅರಿವೆ ಹುಡುಕುತ್ತಾರೆ. ಹುಡುಕಬೇಕಾದ್ದು ಗೋಡೆಯ ಸ್ವಿಚ್ಚನ್ನು. ಅರಿವೆ ಸಿಕ್ಕು ಕೀಬೋರ್ಡ್ ಒರೆಸಿ ಮುಗಿಯುವಷ್ಟರಲ್ಲಿ ಚಹಾ ಕೀಲಿಗಳ ಸಂದಿಯಿಂದ ಇಳಿದು ಮದರ್‌ಬೋರ್ಡ್ ಮುಟ್ಟಿರುತ್ತದೆ. ಅಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ.

ಚೆಲ್ಲಿದ ದ್ರವಕ್ಕಿಂತ, ಚೆಲ್ಲಿದ ಮೇಲೆ ಕ್ರಮ ತಪ್ಪಿ ಮಾಡುವ ಕೆಲಸಗಳೇ ಲ್ಯಾಪ್‌ಟಾಪಿಗೆ ಹೆಚ್ಚು ಮುಳುವಾಗುತ್ತವೆ ಎನ್ನುವುದು ನನ್ನ ಅಭಿಪ್ರಾಯ. ವಾರಂಟಿಯ ಕಥೆಯೂ ಹಾಗೇ. ದುಡ್ಡು ಕೊಟ್ಟು ರಕ್ಷಣೆ ಕೊಂಡವರು ಕೂಡ ಮೊದಲು ಬಜಾರದ ಅಂಗಡಿಯಲ್ಲಿ ಬಿಚ್ಚಿಸಿ, ಆಮೇಲೆ ಕಂಪನಿಗೆ ಫೋನ್ ಮಾಡಿ, ಬರಬೇಕಾದ್ದನ್ನೂ ಕಳೆದುಕೊಳ್ಳುತ್ತಾರೆ. ಆದ್ದರಿಂದ ಈ ಬರಹದ ತುಂಬಾ ಯಾವುದು ಮೊದಲು, ಯಾವುದು ನಂತರ ಎನ್ನುವ ವಿಚಾರವೇ ಇದೆ.

ನಮ್ಮ ಸೀಮೆಗೆ ಇದು ಇನ್ನಷ್ಟು ಮುಖ್ಯ. ಜಮಖಂಡಿಯಲ್ಲಿ ಜಿಎಸ್‌ಟಿ ಲೆಕ್ಕ ಬರೆಯುವವರು, ರಬಕವಿ-ಬನಹಟ್ಟಿಯಲ್ಲಿ ಸೀರೆಯ ಜಕಾರ್ಡ್ ಡಿಸೈನ್ ಮಾಡುವವರು, ಬೀಳಗಿ ಕಡೆ ಗ್ರಾಮ ಒನ್ ಕೇಂದ್ರ ನಡೆಸುವವರು, ಮುಧೋಳದಿಂದ ಬಾಗಲಕೋಟೆಗೆ ಎಂಜಿನಿಯರಿಂಗ್ ಓದಲು ಹೋಗುವ ಹುಡುಗರು, ಇವರಲ್ಲಿ ಹೆಚ್ಚಿನವರಿಗೆ ಇರುವುದು ಒಂದೇ ಲ್ಯಾಪ್‌ಟಾಪ್. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಎಲ್ಲಿದೆ ಎಂದು ಹುಡುಕಿದರೆ ಸಾಮಾನ್ಯವಾಗಿ ಹುಬ್ಬಳ್ಳಿಯದೋ ಬೆಳಗಾವಿಯದೋ ವಿಳಾಸ ಬರುತ್ತದೆ. ಒಂದು ದಿನ ಅದಕ್ಕೇ ಹೋಗುತ್ತದೆ.

ಕರೆಂಟು ಕಡಿಯುವ ಬಗೆ

ಚಾರ್ಜರ್ ಹಾಕಿದ್ದರೆ ಮೊದಲು ಗೋಡೆಯ ಸ್ವಿಚ್ ಬಂದ್ ಮಾಡಿ, ಆಮೇಲೆ ಲ್ಯಾಪ್‌ಟಾಪಿನಿಂದ ಪಿನ್ ಕೀಳಿ. ಒದ್ದೆ ಕೈಯಲ್ಲಿ ನೇರ ಪ್ಲಗ್ಗಿಗೆ ಕೈ ಹಾಕಬೇಡಿ. ಲ್ಯಾಪ್‌ಟಾಪಿನೊಳಗೆ ಇರುವುದು 20 ವೋಲ್ಟಿನ ಆಸುಪಾಸು, ಗೋಡೆಯಲ್ಲಿರುವುದು 230.

ನಂತರ ಪವರ್ ಬಟನ್ ಒತ್ತಿ ಹಿಡಿಯಿರಿ. ಹತ್ತು ಸೆಕೆಂಡಿನ ಹೊತ್ತಿಗೆ ಪರದೆ ಕಪ್ಪಾಗಿ ಫ್ಯಾನ್ ನಿಲ್ಲುತ್ತದೆ. ಬರೆದ ಫೈಲ್ ಸೇವ್ ಆಗಿಲ್ಲ, ಪದ್ಧತಿ ಪ್ರಕಾರ ಶಟ್‌ಡೌನ್ ಮಾಡೋಣ ಎಂದು ಕೂತರೆ ಬರೀ ಫೈಲಲ್ಲ, ಲ್ಯಾಪ್‌ಟಾಪೇ ಹೋದೀತು. ಮುಚ್ಚಳ ಮುಚ್ಚಿ ಇಡುವುದಂತೂ ಬೇಡವೇ ಬೇಡ. ಮುಚ್ಚಿದರೆ ಅದು ನಿದ್ದೆಗೆ ಜಾರುತ್ತದೆ ಅಷ್ಟೇ, ಒಳಗೆ ಕರೆಂಟು ಹಾಗೇ ಇರುತ್ತದೆ. ಮೇಲಾಗಿ ಕೀಬೋರ್ಡ್ ಮೇಲಿನ ಹಸಿ ಪರದೆಗೂ ತಗಲುತ್ತದೆ.

ಹಳೆಯ ಮಾದರಿಗಳಲ್ಲಿ ಬ್ಯಾಟರಿಯನ್ನು ಹೊರಗಿನಿಂದಲೇ ಕಳಚಬಹುದಿತ್ತು. ಈಗಿನವುಗಳಲ್ಲಿ ಅದು ಒಳಗೆ ಸ್ಕ್ರೂ ಹಾಕಿ ಕೂಡಿಸಿದ್ದು. ಅಂದರೆ ಬಂದ್ ಮಾಡಿದ ಮೇಲೂ ಬೋರ್ಡ್‌ನ ಕೆಲವು ಭಾಗಗಳಿಗೆ ಬ್ಯಾಟರಿಯ ಶಕ್ತಿ ಹೋಗುತ್ತಲೇ ಇರುತ್ತದೆ. ಪವರ್ ಬಟನ್ ಒತ್ತಿದ್ದು ಯಂತ್ರಕ್ಕೆ ಗೊತ್ತಾಗಬೇಕಾದರೆ ಯಾವುದೋ ಒಂದು ಭಾಗ ಎಚ್ಚರ ಇರಲೇಬೇಕಲ್ಲ! ಏಸರ್ ಮತ್ತು ಥಿಂಕ್‌ಪ್ಯಾಡ್‌ನ ಕೆಲವು ಮಾದರಿಗಳ ತಳದಲ್ಲಿ ಸೂಜಿ ಹೋಗುವಷ್ಟು ಸಣ್ಣ ತೂತು ಇರುತ್ತದೆ. ಪೇಪರ್ ಕ್ಲಿಪ್ಪಿನ ತುದಿಯಿಂದ ಅದರೊಳಗಿನ ಗುಂಡಿ ಒತ್ತಿದರೆ ಬ್ಯಾಟರಿಯ ಸಂಪರ್ಕ ತಾತ್ಕಾಲಿಕವಾಗಿ ಕಡಿಯುತ್ತದೆ. ನಿಮ್ಮದರಲ್ಲಿ ಅದಿದೆಯೇ ಎಂದು ಇವತ್ತೇ ತಿರುವಿ ನೋಡಿಕೊಳ್ಳುವುದು ಒಳ್ಳೆಯದು.

ಇಷ್ಟಾದ ಮೇಲೆ ಅರಿವೆ ತನ್ನಿ. ಮೇಲಿನ ದ್ರವವನ್ನು ಉಜ್ಜದೆ, ಒತ್ತಿ ಹೀರಿಸಿ. ಆಮೇಲೆ ಲ್ಯಾಪ್‌ಟಾಪನ್ನು ಅಗಲಕ್ಕೆ ತೆರೆದು, ಕೀಬೋರ್ಡ್ ಕೆಳಮುಖವಾಗುವಂತೆ ಮೇಜಿನ ಅಂಚಿಗೆ ಮಗುಚಿ, ಪರದೆ ಅಂಚಿನಿಂದ ಕೆಳಗೆ ಇಳಿಬಿದ್ದಿರುವಂತೆ ಇಡಿ. ಒಳಗೆ ಹೋದದ್ದು ಬಂದ ದಾರಿಯಲ್ಲೇ ವಾಪಸ್ ಇಳಿಯಲಿ. ಇದಕ್ಕೆ ಒಂದು ಅಪವಾದವುಂಟು. ಥಿಂಕ್‌ಪ್ಯಾಡ್‌ನಂಥ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಕೀಬೋರ್ಡ್ ಕೆಳಗೆ ತಟ್ಟೆಯಂಥ ಪದರವಿದ್ದು, ಚೆಲ್ಲಿದ್ದು ತಳದ ತೂತುಗಳಿಂದ ಹೊರಗೆ ಸೋರಿಹೋಗುವ ವ್ಯವಸ್ಥೆ ಇದೆ. ಅಂಥದ್ದನ್ನು ಮಗುಚಿದರೆ ಸೋರಿಹೋಗಬೇಕಾದ್ದು ಅಡ್ಡದಾರಿ ಹಿಡಿಯುತ್ತದೆ. ಅದನ್ನು ಇದ್ದ ಹಾಗೆಯೇ ಎತ್ತಿ ಹಿಡಿದು ಸೋರಲು ಬಿಡಬೇಕು.

ಬ್ಯಾಟರಿ ಬಿಸಿಯಾಗುತ್ತಿದ್ದರೆ, ತಳ ಉಬ್ಬಿದರೆ, ಬುಸ್ ಎನ್ನುವ ಸದ್ದೋ ವಿಚಿತ್ರ ವಾಸನೆಯೋ ಬಂದರೆ ಲ್ಯಾಪ್‌ಟಾಪ್ ಉಳಿಸುವ ಆಸೆ ಬಿಡಿ. ಹಾಸಿಗೆ, ಕಾಗದ, ನೂಲಿನ ಕಂಡಿಕೆಗಳಿಂದ ದೂರ, ಹೊರಗೆ ಬಯಲಲ್ಲಿ ಇಟ್ಟುಬಿಡಿ.

ಒಳಗೆ ಏನು ನಡೆಯುತ್ತದೆ

ಶುದ್ಧ ನೀರು ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡುವುದಿಲ್ಲ. ಹರಿಯಗೊಡುವುದು ಅದರಲ್ಲಿ ಕರಗಿದ ಲವಣ. ಕೃಷ್ಣಾ–ಘಟಪ್ರಭಾ ನೀರಾವರಿಯ ನಮ್ಮ ಎರೆಮಣ್ಣಿನಲ್ಲಿ ಸವಳು-ಜವಳು ಎಷ್ಟೆಂದು ಕಬ್ಬು ಬೆಳೆಯುವವರಿಗೆ ಹೇಳಬೇಕಿಲ್ಲ. ಅಂಥ ನೆಲದ ಬೋರಿನ ನೀರು ಆರಿದ ಜಾಗದಲ್ಲಿ ಬಿಳಿ ಕಲೆ ಉಳಿಯುತ್ತದೆ. ಕೊಡದ ಮೇಲೆ ಉಳಿದರೆ ತಿಕ್ಕಬಹುದು, ಮದರ್‌ಬೋರ್ಡ್ ಮೇಲೆ ಉಳಿದರೆ ಕಷ್ಟ.

ಬೋರ್ಡ್ ಮೇಲಿನ ಅತಿ ಸಣ್ಣ ಬಿಡಿಭಾಗಗಳು 0.6 ಮಿಲಿಮೀಟರ್ ಉದ್ದ, 0.3 ಮಿಲಿಮೀಟರ್ ಅಗಲ ಇರುತ್ತವೆ. ಅವುಗಳ ನಡುವಿನ ಅಂತರ ಅದಕ್ಕೂ ಕಡಿಮೆ ಇರಬಹುದು. ಚಾರ್ಜರಿನಿಂದ ಬರುವುದು 19–20 ವೋಲ್ಟ್; ಪ್ರೊಸೆಸರ್ ನಡೆಯುವುದು ಸುಮಾರು ಒಂದು ವೋಲ್ಟಿನಲ್ಲಿ. ಈ ಎರಡರ ನಡುವೆ ಒಂದು ಹನಿ ಸೇತುವೆ ಕಟ್ಟಿತೆಂದರೆ ಒಂದು ವೋಲ್ಟಿನ ಮನೆಗೆ ಇಪ್ಪತ್ತು ವೋಲ್ಟ್ ನುಗ್ಗುತ್ತದೆ. ಚೆಲ್ಲಿದ ಕ್ಷಣದಲ್ಲೇ ‘ಟಪ್’ ಎಂದು ಸತ್ತ ಲ್ಯಾಪ್‌ಟಾಪ್‌ಗಳ ಕಥೆ ಹೆಚ್ಚಾಗಿ ಇದೇ. ಪರದೆಯ ಕೇಬಲ್ ಬಂದು ಸೇರುವ ಕನೆಕ್ಟರ್ ಇನ್ನೊಂದು ಸೂಕ್ಷ್ಮ ಜಾಗ. ಕೆಲವು ಮಾದರಿಗಳಲ್ಲಿ ಪರದೆಯ ಹಿಂಬೆಳಕಿಗೆ ಹೋಗುವ ಹೆಚ್ಚು ವೋಲ್ಟಿನ ಪಿನ್ ಮತ್ತು ಪ್ರೊಸೆಸರಿಗೆ ನೇರ ಹೋಗುವ ಪಿನ್ ಅಕ್ಕಪಕ್ಕದಲ್ಲೇ ಇರುತ್ತವೆ.

ಎರಡನೆಯ ಬಗೆಯ ಸಾವು ನಿಧಾನದ್ದು, ಹೆಚ್ಚು ಜನ ಮೋಸಹೋಗುವುದು ಇದರಲ್ಲೇ. ಹಸಿ ಇರುವಲ್ಲಿ ವೋಲ್ಟೇಜ್ ಇದ್ದರೆ ಒಂದು ಕಡೆಯ ತಾಮ್ರ, ತವರ, ಬೆಳ್ಳಿ ಅಯಾನುಗಳಾಗಿ ಕರಗಿ ಇನ್ನೊಂದು ಕಡೆ ಹೋಗಿ ಕೂರುತ್ತವೆ. ಹಾಗೆ ಕೂರುತ್ತಾ ಕೂರುತ್ತಾ ಬೇರಿನಂಥ ಎಳೆ ಬೆಳೆಯುತ್ತದೆ. ಎಳೆ ಎರಡು ದಡ ಮುಟ್ಟಿದ ದಿನ ಶಾರ್ಟ್. ಇದಕ್ಕೆ ದ್ರವ, ಲವಣ, ವೋಲ್ಟೇಜ್ ಮೂರೂ ಬೇಕು. ಮೂರರಲ್ಲಿ ನಮ್ಮ ಕೈಯಲ್ಲಿ ತಕ್ಷಣ ಇರುವುದು ವೋಲ್ಟೇಜ್ ಒಂದೇ. ಕರೆಂಟು ಮೊದಲು ಎನ್ನುವುದಕ್ಕೆ ಕಾರಣ ಇದು.

ಹಾಗಾಗಿ ಎರಡು ದಿನ ಬಿಟ್ಟು ಬಟನ್ ಒತ್ತಿ, ‘ಚಾಲೂ ಆತಲ್ರಿ, ಇನ್ನೇನು’ ಎನ್ನುವವರನ್ನು ಕಂಡರೆ ನನಗೆ ಸಮಾಧಾನವಾಗುವುದಿಲ್ಲ. ನೀರು ಆರಿದೆ, ಆದರೆ ನೀರಿನಲ್ಲಿದ್ದದ್ದು ಅಲ್ಲೇ ಕೂತಿದೆ. ಜೂನ್–ಜುಲೈನ ತಂಪು ಹವೆಗೆ ಅದು ಮತ್ತೆ ತೇವ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಚೆಲ್ಲಿದ ಚಹಾ ಮಳೆಗಾಲದಲ್ಲಿ ಕೆಲಸ ಕೆಡಿಸಿತು ಎಂದರೆ ಅದರಲ್ಲಿ ಆಶ್ಚರ್ಯವಿಲ್ಲ.

ಯಾವ ದ್ರವ ಚೆಲ್ಲಿತು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಫಿಲ್ಟರ್ ನೀರು ಇದ್ದುದರಲ್ಲಿ ಸೌಮ್ಯ. ಚಹಾದಲ್ಲಿ ಸಕ್ಕರೆಯೂ ಇದೆ, ಹಾಲಿನ ಕೊಬ್ಬೂ ಇದೆ. ಕೀಲಿಗಳು ಅಂಟುತ್ತವೆ, ನಾಲ್ಕು ದಿನಕ್ಕೆ ವಾಸನೆ ಬರುತ್ತದೆ. ಕಬ್ಬಿನ ಹಾಲು ಬಿದ್ದರೆ ಅಂಟು ಇನ್ನೂ ದಪ್ಪ, ಅದು ಒಳಗೆ ಬೆಲ್ಲದ ಪಾಕದ ಹಾಗೆ ಹಿಡಿದುಕೊಳ್ಳುತ್ತದೆ. ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಉಪ್ಪು ಹಾಕಿದ ಮಜ್ಜಿಗೆ. ಹುಳಿಗೆ ಹುಳಿ, ಉಪ್ಪಿಗೆ ಉಪ್ಪು. ಎಳನೀರನ್ನು ಜನ ಬರೀ ನೀರೆಂದು ತಿಳಿಯುತ್ತಾರೆ, ಅದರಲ್ಲಿ ಪೊಟ್ಯಾಸಿಯಂ ಸಾಕಷ್ಟಿದೆ.

ಅಕ್ಕಿ ಡಬ್ಬಿ, ಮಾಳಿಗೆಯ ಬಿಸಿಲು

ಅಕ್ಕಿಯಲ್ಲಿ ಹೂಳುವ ಸಲಹೆ ಎಲ್ಲಿಂದ ಬಂತೋ, ಎಲ್ಲ ಮನೆಗಳಲ್ಲೂ ಇದೆ. ಅಕ್ಕಿ ಮದರ್‌ಬೋರ್ಡಿನಿಂದ ಹಸಿ ಎಳೆಯುವುದಿಲ್ಲ; ಪುಡಿ ಮಾತ್ರ ಪೋರ್ಟುಗಳಲ್ಲಿ, ಫ್ಯಾನಿನಲ್ಲಿ ಸೇರುತ್ತದೆ. ಐಫೋನನ್ನು ಅಕ್ಕಿ ಚೀಲದಲ್ಲಿ ಇಡಬೇಡಿ ಎಂದು ಆಪಲ್ ಕಂಪನಿಯೇ 2024ರಲ್ಲಿ ತನ್ನ ಸೂಚನೆಯಲ್ಲಿ ಬರೆಯಿತು. ಹೇರ್ ಡ್ರೈಯರಿನ ಬಿಸಿಗಾಳಿ ಕೀಲಿಗಳನ್ನು ಸೊಟ್ಟ ಮಾಡುತ್ತದೆ, ಹನಿಗಳನ್ನು ಇನ್ನಷ್ಟು ಒಳಗೆ ತಳ್ಳುತ್ತದೆ. ಏಪ್ರಿಲ್ ತಿಂಗಳ ನಮ್ಮ ಮಾಳಿಗೆಯ ಬಿಸಿಲು ಹಪ್ಪಳ-ಸಂಡಿಗೆಗೆ ಸರಿ, ಲಿಥಿಯಂ ಬ್ಯಾಟರಿಗೆ ಅಲ್ಲ. ನೆರಳಿನಲ್ಲಿ, ಸೀಲಿಂಗ್ ಫ್ಯಾನಿನ ಕೆಳಗೆ ಇಟ್ಟರೆ ಸಾಕು.

ಬಿಲ್ಲು ತೆಗೆದು ನೋಡಿ

ಈಗ ಲ್ಯಾಪ್‌ಟಾಪ್ ಮಗುಚಿ ಮಲಗಿದೆ. ಸ್ಕ್ರೂಡ್ರೈವರ್ ಮುಟ್ಟುವ ಮುಂಚೆ ಖರೀದಿಯ ಬಿಲ್ಲು ತೆಗೆಯಿರಿ. ‘ವಾರಂಟಿ ಐತಿ’ ಎನ್ನುವ ಒಂದೇ ಮಾತಿನ ಕೆಳಗೆ ನಾಲ್ಕು ಬೇರೆ ಬೇರೆ ಪದಾರ್ಥಗಳಿರುತ್ತವೆ.

ಮೊದಲನೆಯದು ಲ್ಯಾಪ್‌ಟಾಪ್ ಜೊತೆ ಬರುವ, ಸಾಮಾನ್ಯವಾಗಿ ಒಂದು ವರ್ಷದ ಕಂಪನಿ ವಾರಂಟಿ. ತಯಾರಿಕೆಯ ದೋಷಕ್ಕೆ ಮಾತ್ರ ಅದು ಹೊಣೆ. ದ್ರವ ಬಿದ್ದದ್ದು ಅದರಲ್ಲಿ ಬರುವುದಿಲ್ಲ, ವಾದ ಮಾಡಿ ಪ್ರಯೋಜನವಿಲ್ಲ. ಎರಡನೆಯದು ವಿಸ್ತರಿತ ವಾರಂಟಿ. ಹೆಚ್ಚು ಗೊಂದಲ ಇದರಲ್ಲೇ. ‘ಮೂರು ವರ್ಷದ್ದು ಹಾಕಿಸೀನಿ’ ಎಂದು ಧೈರ್ಯವಾಗಿರುವವರು ಕೊಂಡಿರುವುದು ಅದೇ ಒಂದು ವರ್ಷದ ವಾರಂಟಿಯ ಉದ್ದವನ್ನು. ಚಹಾಕ್ಕೆ ಮೊದಲ ವರ್ಷ ಎಷ್ಟು ರಕ್ಷಣೆ ಇತ್ತೋ ಮೂರನೆಯ ವರ್ಷವೂ ಅಷ್ಟೇ, ಅಂದರೆ ಸೊನ್ನೆ.

ಮೂರನೆಯದು ಆಕಸ್ಮಿಕ ಹಾನಿ ರಕ್ಷಣೆ. ಡೆಲ್, ಎಚ್‌ಪಿ, ಲೆನೊವೊದಂಥ ಕಂಪನಿಗಳು ಇದನ್ನು ಬೇರೆಯಾಗಿ ಮಾರುತ್ತವೆ; ಆಪಲ್‌ನಲ್ಲಿ ಇದರ ಹೆಸರು ಆಪಲ್‌ಕೇರ್ ಪ್ಲಸ್. ಕೈಜಾರಿ ಬಿದ್ದದ್ದು, ದ್ರವ ಚೆಲ್ಲಿದ್ದು ಇದರಲ್ಲಿ ಬರುತ್ತದೆ. ನಾಲ್ಕನೆಯದು ಅಂಗಡಿಯವರು, ಆನ್‌ಲೈನ್ ಮಾರಾಟಗಾರರು, ಇಎಂಐ ಕೊಡುವವರು ಮೂರನೆಯ ಕಂಪನಿಯ ಹೆಸರಲ್ಲಿ ಕೊಡುವ ಪ್ಲಾನ್. ಕೆಲವದರ ಹಿಂದೆ ವಿಮಾ ಕಂಪನಿ ಇರುತ್ತದೆ, ಕೆಲವದರ ಹಿಂದೆ ಬರೀ ಸೇವಾ ಒಪ್ಪಂದ ಇರುತ್ತದೆ. ತಕರಾರು ಬಂದಾಗ ಯಾರ ಬಾಗಿಲು ಬಡಿಯಬೇಕು ಎನ್ನುವುದು ಈ ವ್ಯತ್ಯಾಸದ ಮೇಲೆ ನಿಂತಿದೆ.

ಕೌಂಟರಿನ ಹುಡುಗ ‘ತಗೋರಿ ಸರ, ಎಲ್ಲಾ ಕವರ್ ಆಗ್ತೈತಿ’ ಎಂದದ್ದು ಷರತ್ತಿನ ಕಾಗದದಲ್ಲಿ ಇಲ್ಲದಿದ್ದರೆ ಅದನ್ನು ಸಾಬೀತು ಮಾಡುವುದು ಬಹಳ ಕಷ್ಟ. ಕೊಳ್ಳುವಾಗ ವಾಟ್ಸ್ಯಾಪ್‌ನಲ್ಲಾದರೂ ಬರೆಸಿಕೊಳ್ಳಿ. ‘ದ್ರವ ಚೆಲ್ಲಿದರೆ ಇದರಲ್ಲಿ ರಿಪೇರಿ ಆಗುತ್ತದೆಯೇ? ವರ್ಷಕ್ಕೆ ಎಷ್ಟು ಸಲ? ಪ್ರತಿ ಸಲ ನಾನು ಎಷ್ಟು ಕೊಡಬೇಕು? ಸವಕಳಿ ಕಡಿತ ಇದೆಯೇ? ನನ್ನ ಪಿನ್‌ಕೋಡ್‌ಗೆ ಎಂಜಿನಿಯರ್ ಮನೆಗೆ ಬರುತ್ತಾನೆಯೇ?’ ಇಷ್ಟು ಕೇಳಿದರೆ ಬೇಕಾದಷ್ಟಾಯಿತು.

ಇವುಗಳಲ್ಲಿ ಸಲದ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ. ಡೆಲ್‌ನ ಸೇವೆಯಲ್ಲಿ ಒಪ್ಪಂದದ ಪ್ರತಿ ವರ್ಷಕ್ಕೆ ಒಂದೇ ಘಟನೆ. ಆಪಲ್‌ನದರಲ್ಲಿ ಸಲಕ್ಕೆ ಮಿತಿ ಇಲ್ಲ, ಆದರೆ ಪ್ರತಿ ಸಲವೂ ಶುಲ್ಕ ಉಂಟು, ಮತ್ತು ಆ ಪ್ಲಾನ್ ಲ್ಯಾಪ್‌ಟಾಪ್ ಕೊಂಡ 60 ದಿನದೊಳಗೆ ಮಾಡಿಸಬೇಕು. ಮೂರನೆಯ ಕಂಪನಿಯ ಪ್ಲಾನುಗಳಲ್ಲಿ ಕಾಡುವುದು ಸವಕಳಿ: ವರ್ಷ ಕಳೆದಂತೆ ಅವರು ಕೊಡುವ ಮೊತ್ತ ಇಳಿಯುತ್ತದೆ. ಪಿನ್‌ಕೋಡ್ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ನಮ್ಮಂಥ ಊರಿನವರು ಮೊದಲು ಕೇಳಬೇಕಾದ್ದೇ ಅದು. ಜಮಖಂಡಿಯ 587301, ಮುಧೋಳದ 587313, ಬೀಳಗಿಯ 587116 ಹಾಕಿ ನೋಡಿ ಹೇಳಿ ಎನ್ನಿ. ‘ಮನೆ ಬಾಗಿಲಿಗೆ ಸೇವೆ’ ಎನ್ನುವ ಸಾಲಿನ ಕೆಳಗೆ ‘ಆಯ್ದ ಊರುಗಳಲ್ಲಿ’ ಎಂದು ಸಣ್ಣ ಅಕ್ಷರದಲ್ಲಿ ಇರಬಹುದು.

ಇನ್ನೊಂದು ಸಂಗತಿ. ಪ್ಲಾನಿಗೆ ದುಡ್ಡು ಕಟ್ಟಿದ ಮಾತ್ರಕ್ಕೆ ಅದು ಚಾಲ್ತಿಗೆ ಬಂದಿರುತ್ತದೆ ಎಂದುಕೊಳ್ಳಬೇಡಿ. ಅಂಗಡಿಯವರು ಸೀರಿಯಲ್ ನಂಬರ್ ಹಾಕಿ ನೋಂದಾಯಿಸಬೇಕು. ಲ್ಯಾಪ್‌ಟಾಪ್ ತಳದಲ್ಲಿರುವ ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ಯಾವ ರಕ್ಷಣೆ ಎಲ್ಲಿಯವರೆಗೆ ಇದೆ ಎಂದು ತೋರಿಸುತ್ತದೆ. ಬಿಲ್ಲಿನಲ್ಲಿರುವ ನಂಬರ್, ತಳದ ನಂಬರ್, ಪ್ಲಾನಿನ ನಂಬರ್ ಮೂರೂ ಒಂದೇ ಇರಬೇಕು. ಬಿಲ್ಲು ಅಂಗಡಿಯ ಜಿಎಸ್‌ಟಿ ಹೆಸರಲ್ಲಿದ್ದು ಪ್ಲಾನ್ ಮಗನ ಹೆಸರಲ್ಲಿದ್ದರೆ ಅದೂ ಒಂದು ಕೊಕ್ಕೆ.

ಇಲ್ಲಿಂದ ದಾರಿ ಎರಡು

ಆಕಸ್ಮಿಕ ಹಾನಿ ರಕ್ಷಣೆ ಇದೆ ಎಂದಾದರೆ ಲ್ಯಾಪ್‌ಟಾಪ್ ಬಿಚ್ಚಬೇಡಿ, ಯಾರಿಂದಲೂ ಬಿಚ್ಚಿಸಬೇಡಿ. ಫೋಟೊ ತೆಗೆಯಿರಿ, ಆ ದಿನವೇ ಕಂಪನಿಗೆ ಫೋನ್ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಇಷ್ಟು ಗಂಟೆಯೊಳಗೆ ತಿಳಿಸಬೇಕು ಎಂಬ ಷರತ್ತು ಅನೇಕ ಪ್ಲಾನುಗಳಲ್ಲಿ ಇರುತ್ತದೆ. ಭಾನುವಾರ ಚೆಲ್ಲಿದ್ದನ್ನು ಸಂತೆ ಮುಗಿಸಿ ಬುಧವಾರ ಹೇಳಿದರೆ ಅವರಿಗೆ ಒಂದು ನೆಪ ಕೊಟ್ಟಂತೆ. ಹೊರಗಿನವರು ಬಿಚ್ಚಿದ ಗುರುತು, ಸ್ಕ್ರೂ ತಲೆಯ ಗೀರು, ಹರಿದ ಸ್ಟಿಕ್ಕರ್ ಕಂಡರೆ ಕ್ಲೇಮು ತಿರಸ್ಕಾರವಾಗುವ ಸಂಭವ ಹೆಚ್ಚು.

ರಕ್ಷಣೆ ಇಲ್ಲ ಎಂದಾದರೆ ಇದರ ತದ್ವಿರುದ್ಧ. ಆ ದಿನವೇ, ಸಾಧ್ಯವಾದರೆ ಆ ತಾಸಿನಲ್ಲೇ, ಚಿಪ್ ಲೆವಲ್ ಕೆಲಸ, ಅಂದರೆ ಬೋರ್ಡಿನ ಬಿಡಿಭಾಗಗಳನ್ನೇ ರಿಪೇರಿ ಮಾಡುವುದು, ಬಲ್ಲ ಅಂಗಡಿಗೆ ಒಯ್ಯಿರಿ. ತಳ ಬಿಚ್ಚಿಸಿ ಬ್ಯಾಟರಿಯ ಕನೆಕ್ಟರ್ ಕೀಳಿಸಿ. ವಾರಂಟಿ ಹೋದೀತೆಂದು ಹೆದರಿ ಮೂರು ದಿನ ಫ್ಯಾನ್ ಕೆಳಗೆ ಇಟ್ಟು ಕೂರುವುದರಲ್ಲಿ ಅರ್ಥವಿಲ್ಲ. ದ್ರವ ಒಳಹೊಕ್ಕ ಕ್ಷಣಕ್ಕೇ ಆ ಹಾನಿಗೆ ಸಾಮಾನ್ಯ ವಾರಂಟಿ ಕೆಲಸಕ್ಕೆ ಬಾರದಾಗಿದೆ.

ಮುಚ್ಚಿಡುವ ಚಾಳಿ

‘ಏನೂ ಬಿದ್ದಿಲ್ರಿ ಅಣ್ಣಾರ, ತಾನಾಗೇ ಬಂದ್ ಬಿದ್ದೈತ್ರಿ.’ ರಿಪೇರಿ ಅಂಗಡಿಯವರು ಈ ಮಾತು ಕೇಳಿ ನಗುವುದನ್ನೂ ಬಿಟ್ಟಿದ್ದಾರೆ. ಬಿಚ್ಚಿದ ಕೂಡಲೇ ಸತ್ಯ ಕಾಣುತ್ತದೆ: ಹಸಿರು-ಬಿಳಿ ತುಕ್ಕು, ಸಕ್ಕರೆಯ ಕಂದು ಕಲೆ. ಕೆಲವು ಕಂಪನಿಗಳು ಒಳಗೆ ಸಣ್ಣ ಬಿಳಿ ಚುಕ್ಕೆಗಳನ್ನು ಅಂಟಿಸಿರುತ್ತವೆ, ನೀರು ತಗಲಿದರೆ ಅವು ಕೆಂಪಾಗುತ್ತವೆ. ಆಗ ಸರ್ವಿಸ್ ಸೆಂಟರಿನ ವರದಿಯಲ್ಲಿ ‘ಸಿಐಡಿ’ ಎಂದು ಬರೆಯುತ್ತಾರೆ. ಪೊಲೀಸರ ಸಿಐಡಿ ಅಲ್ಲ, ಗ್ರಾಹಕನಿಂದಲೇ ಆದ ಹಾನಿ ಎನ್ನುವುದಕ್ಕೆ ಅವರ ಸಂಕ್ಷೇಪ. ಅಲ್ಲಿಗೆ ಸಾಮಾನ್ಯ ವಾರಂಟಿಯ ಬಾಗಿಲು ಮುಚ್ಚಿತು.

ವಿಚಿತ್ರವೆಂದರೆ, ಆಕಸ್ಮಿಕ ಹಾನಿ ಪ್ಲಾನ್ ಇದ್ದವರೂ ಇದೇ ಸುಳ್ಳು ಹೇಳುತ್ತಾರೆ. ಚೆಲ್ಲಿದ್ದಕ್ಕೇ ಅಂತ ದುಡ್ಡು ಕಟ್ಟಿ, ಚೆಲ್ಲಿಲ್ಲ ಎಂದು ಹೇಳಿದರೆ ಏನು ಫಲ? ಹೇಳಿಕೆಗೂ ವರದಿಗೂ ತಾಳೆಯಾಗದಿದ್ದರೆ ಅದೇ ತಿರಸ್ಕಾರಕ್ಕೆ ಕಾರಣ. ಯಾವ ದಿನ, ಎಷ್ಟು ಗಂಟೆಗೆ, ಏನು ಚೆಲ್ಲಿತು, ಹೇಗೆ ಚೆಲ್ಲಿತು, ಆಮೇಲೆ ಏನು ಮಾಡಿದಿರಿ ಎನ್ನುವುದನ್ನು ಐದು ಸಾಲಿನಲ್ಲಿ ಬರೆದು ಇಟ್ಟುಕೊಂಡು, ಫೋನಿನಲ್ಲೂ ಅರ್ಜಿಯಲ್ಲೂ ಅದನ್ನೇ ಹೇಳಿ. ಮನೆಯ ಮಕ್ಕಳು ಚೆಲ್ಲಿದ್ದಾದರೆ ಹಾಗೇ ಹೇಳಿ. ಬೇಕೆಂದು ಮಾಡಿದ್ದು ಮಾತ್ರ ಪ್ಲಾನಿನ ಹೊರಗೆ.

ಬೋರ್ಡ್ ವಾಶ್

ಅಧಿಕೃತ ಸೆಂಟರಿನಲ್ಲಿ ಸಾಮಾನ್ಯವಾಗಿ ಬೋರ್ಡ್ ರಿಪೇರಿ ಮಾಡುವುದಿಲ್ಲ, ಇಡೀ ಬೋರ್ಡ್ ಬದಲಿಸುತ್ತಾರೆ. ಪ್ಲಾನ್ ಇಲ್ಲದವರಿಗೆ ಆ ಅಂದಾಜು ಪಟ್ಟಿ ನೋಡಿದರೆ ಹೊಸದೇ ಕೊಳ್ಳೋಣ ಅನಿಸುತ್ತದೆ. ಒಳ್ಳೆಯ ಚಿಪ್ ಲೆವಲ್ ಕೆಲಸಗಾರ ಅದೇ ಬೋರ್ಡನ್ನು ತೊಳೆದು, ಸುಟ್ಟ ಒಂದೆರಡು ಭಾಗ ಬದಲಿಸಿ ಉಳಿಸಬಲ್ಲ. ಆದರೆ ಒಳ್ಳೆಯವನು ಎಂದು ಗುರುತಿಸುವುದು ಹೇಗೆ?

ತೊಳೆಯಲು ಏನು ಬಳಸುತ್ತೀರಿ ಎಂದು ಕೇಳಿ. ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಎಂದರೆ ಸರಿ. ಪೆಟ್ರೋಲ್, ಪೇಂಟಿನ ಥಿನ್ನರ್ ಎಂದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಡಿ. ಚಹಾ, ಕಬ್ಬಿನ ಹಾಲು ಬಿದ್ದಿದ್ದರೆ ಬರೀ ಆಲ್ಕೊಹಾಲ್ ಕೂಡ ಸಾಲದು. ಸಕ್ಕರೆ ಅದರಲ್ಲಿ ಕರಗುವುದಿಲ್ಲ, ನೀರಿನಲ್ಲೇ ಕರಗಬೇಕು. ಆದ್ದರಿಂದ ಬ್ಯಾಟರಿ, ಎಸ್‌ಎಸ್‌ಡಿ ಎಲ್ಲ ಕಳಚಿದ ಬರೀ ಬೋರ್ಡನ್ನು ಮೊದಲು ಡಿಸ್ಟಿಲ್ಡ್ ವಾಟರಿನಲ್ಲಿ, ಆಮೇಲೆ ಆಲ್ಕೊಹಾಲಿನಲ್ಲಿ ತೊಳೆಯುವುದು ಕ್ರಮ. ಚಿಪ್ಪುಗಳ ಹೊಟ್ಟೆಯ ಕೆಳಗೆ ನುಸುಳಿದ ದ್ರವಕ್ಕೆ ಬ್ರಷ್ ತಲುಪುವುದಿಲ್ಲ. ಅದಕ್ಕೆ ಅಲ್ಟ್ರಾಸಾನಿಕ್ ಕ್ಲೀನರ್ ಬೇಕು. ಅದೂ ಮೈಕ್ರೊಸ್ಕೋಪೂ ಮೇಜಿನ ಮೇಲೆ ಇರುವ ಅಂಗಡಿಯ ಮೇಲೆ ಭರವಸೆ ಇಡಬಹುದು.

ಕೊಡುವಾಗ ಚೀಟಿ ತೆಗೆದುಕೊಳ್ಳಿ. ಅದರಲ್ಲಿ ಸೀರಿಯಲ್ ನಂಬರ್, ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು ಎಂದು ಬರೆಸಿ. ಬದಲಿಸಿದ ಹಳೆಯ ಭಾಗ ವಾಪಸ್ ಕೇಳಿ. ಇದು ಅಂಗಡಿಯವನ ಮೇಲೆ ಅನುಮಾನವಲ್ಲ, ವ್ಯವಹಾರ.

ಲ್ಯಾಪ್‌ಟಾಪ್ ಹೋದರೂ ಡೇಟಾ

ಬನಹಟ್ಟಿಯ ಡಿಸೈನ್ ಮಾಡುವವರಿಗೆ ಲ್ಯಾಪ್‌ಟಾಪಿನ ಬೆಲೆಗಿಂತ ಅದರಲ್ಲಿರುವ ಸೀರೆಯ ಅಂಚು-ಸೆರಗಿನ ಫೈಲುಗಳ ಬೆಲೆ ಹೆಚ್ಚು. ಇಂಥ ಪ್ಲಾನುಗಳು ಸಾಮಾನ್ಯವಾಗಿ ಡೇಟಾಕ್ಕೆ ಹೊಣೆ ಹೊರುವುದಿಲ್ಲ. ಬೋರ್ಡ್ ಬದಲಿಸುವಾಗ ಫಾರ್ಮ್ಯಾಟ್ ಆದರೂ ಕೇಳುವಂತಿಲ್ಲ ಎಂದು ಷರತ್ತಿನಲ್ಲೇ ಇರುತ್ತದೆ.

ಹೆಚ್ಚಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಯನ್ನು ಕಳಚಿ ಬೇರೆ ಯಂತ್ರಕ್ಕೆ ಹಾಕಿ ಓದಬಹುದು. ಆದರೆ ವಿಂಡೋಸ್ 11ರಲ್ಲಿ ಮೈಕ್ರೊಸಾಫ್ಟ್ ಖಾತೆಯಿಂದ ಲಾಗಿನ್ ಆದವರ ಡಿಸ್ಕ್ ಎಷ್ಟೋ ಸಲ ಅವರಿಗೆ ಗೊತ್ತಿಲ್ಲದೆಯೇ ಬೀಗ ಹಾಕಿಕೊಂಡಿರುತ್ತದೆ. ತೆಗೆಯಲು 48 ಅಂಕಿಗಳ ರಿಕವರಿ ಕೀ ಬೇಕು, ಅದು ಅದೇ ಖಾತೆಯಲ್ಲಿ ಇರುತ್ತದೆ. ಖಾತೆ ಮಾಡಿಕೊಟ್ಟದ್ದು ಅಂಗಡಿಯ ಹುಡುಗ, ಪಾಸ್‌ವರ್ಡ್ ಅವನಿಗೂ ನೆನಪಿಲ್ಲ ಎಂದಾದರೆ ಎಸ್‌ಎಸ್‌ಡಿ ಕೈಯಲ್ಲಿದ್ದೂ ಇಲ್ಲದಂತೆ. ಮ್ಯಾಕ್‌ಬುಕ್‌ಗಳಲ್ಲಿ ಇನ್ನೂ ಕಷ್ಟ: ಈಚಿನವುಗಳಲ್ಲಿ ಸಂಗ್ರಹದ ಚಿಪ್ಪುಗಳು ಬೋರ್ಡಿಗೇ ಬೆಸೆದಿರುವುದರಿಂದ ಬೋರ್ಡ್ ಹೋದರೆ ಡೇಟಾವೂ ಹೋದ ಹಾಗೆ.

ಹೊಳೆ ನೀರು ಬೇರೆ

2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಜಮಖಂಡಿ, ಮುಧೋಳ ಭಾಗದ ಎಷ್ಟೋ ಊರುಗಳಿಗೆ ನೀರು ಹೊಕ್ಕಿತು. ನೆರೆಯಲ್ಲಿ ನೆನೆದ ಲ್ಯಾಪ್‌ಟಾಪಿಗೆ ಆಕಸ್ಮಿಕ ಹಾನಿ ಪ್ಲಾನ್ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಲೋಟದ ನೀರು ಒಳಗೆ, ಹೊಳೆಯ ನೀರು ಹೊರಗೆ. ಕಳವೂ ಹೆಚ್ಚಿನವುಗಳಲ್ಲಿ ಹೊರಗೇ. ನೆರೆಗೆ ಬೇಕಾದ್ದು ಮನೆ ವಿಮೆ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ನೆರೆ ಸೇರಿದೆ. ಮನೆ ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಯ ಸಾಮಾನುಗಳಿಗೂ ಆ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ರಕ್ಷಣೆ ತಾನಾಗಿ ಬರುತ್ತದೆ. ಸಣ್ಣ ಅಂಗಡಿ, ಮಗ್ಗದ ಶೆಡ್ಡುಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಇದೆ. ಹೊಳೆಸಾಲಿನವರು ಲ್ಯಾಪ್‌ಟಾಪ್ ಪ್ಲಾನಿಗಿಂತ ಮೊದಲು ಇದನ್ನು ವಿಚಾರಿಸುವುದು ಲೇಸು.

ತಕರಾರಿಗೆ ಬಂದರೆ

ಕ್ಲೇಮು ತಿರಸ್ಕರಿಸಿದರೆ ಕಾರಣವನ್ನು ಷರತ್ತಿನ ಸಂಖ್ಯೆಯ ಸಮೇತ ಇ-ಮೇಲಿನಲ್ಲಿ ಕೇಳಿ. ಫೋನಿನಲ್ಲಿ ಹೇಳಿದ್ದು ನಾಳೆ ಇರುವುದಿಲ್ಲ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಎಷ್ಟೋ ಜಗಳ ಅಲ್ಲೇ ಮುಗಿಯುತ್ತದೆ. ಪ್ಲಾನ್ ವಿಮಾ ಕಂಪನಿಯದ್ದಾದರೆ ಮೊದಲು ಆ ಕಂಪನಿಗೇ ಲಿಖಿತ ದೂರು, ಅಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್. ಅಲ್ಲಿ ಶುಲ್ಕವಿಲ್ಲ, ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು.

ಕೊನೆಗೆ ಬಾಗಲಕೋಟೆಯ ಜಿಲ್ಲಾ ಗ್ರಾಹಕರ ಆಯೋಗ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಮ್ಮಂಥ ಊರಿನವರಿಗೆ ಒಂದು ದೊಡ್ಡ ಅನುಕೂಲ ಮಾಡಿಕೊಟ್ಟಿದೆ. ಲ್ಯಾಪ್‌ಟಾಪನ್ನು ಬೆಂಗಳೂರಿನಲ್ಲಿ ಕೊಂಡಿರಲಿ, ಆನ್‌ಲೈನಿನಲ್ಲಿ ತರಿಸಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವಸ್ತು-ಸೇವೆಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಕಾರಣ ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸಬೇಕು. ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಕಂಪನಿಯ ವಕೀಲರು ಎತ್ತುವ ತಕರಾರಿಗೂ ಕಾಯ್ದೆಯಲ್ಲೇ ಉತ್ತರವಿದೆ: ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಒಬ್ಬರೇ ಕೂತು ಡಿಸೈನ್ ಮಾಡುವವರು, ಗ್ರಾಮ ಒನ್ ನಡೆಸುವವರು ಇದನ್ನು ನೆನಪಿಡಬೇಕು.

ಹಾಗಾದರೆ ಪ್ಲಾನ್ ಮಾಡಿಸಬೇಕೇ? ಲ್ಯಾಪ್‌ಟಾಪ್ ಹೊಸದು, ಬೆಲೆ ಹೆಚ್ಚಿನದು, ದುಡಿಮೆಗೆ ಇರುವುದು ಅದೊಂದೇ ಎಂದಾದರೆ ಕಂಪನಿಯದೇ ಆಕಸ್ಮಿಕ ಹಾನಿ ಪ್ಲಾನ್ ಮಾಡಿಸಿ ಎನ್ನುತ್ತೇನೆ. ಮೂರನೆಯವರದ್ದಾದರೆ ಸವಕಳಿಯ ಸಾಲು ಓದಿದ ಮೇಲೆ. ಹಳೆಯದಾದರೆ ಆ ದುಡ್ಡಿಗೆ ಒಂದು ಹೊರಗಿನ ಹಾರ್ಡ್ ಡಿಸ್ಕ್ ತಂದು ವಾರಕ್ಕೊಮ್ಮೆ ಫೈಲುಗಳನ್ನು ನಕಲು ಮಾಡಿ. ಎರಡರಲ್ಲಿ ಯಾವುದೇ ಇರಲಿ, ಇವತ್ತು ಸಂಜೆ ಚಹಾಕ್ಕೆ ಏಳುವ ಮುಂಚೆ ಬಿಲ್ಲಿನ ಫೋಟೊ, ತಳದ ಸೀರಿಯಲ್ ನಂಬರಿನ ಫೋಟೊ, ರಿಕವರಿ ಕೀ ಈ ಮೂರನ್ನು ನಿಮ್ಮ ಫೋನಿನಲ್ಲಿ ಸೇರಿಸಿ, ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿ.